ಗಿರಣಿ ಪಕ್ಕ ಕೂತು ಅಮ್ಮ ಹಾಡಿದ್ದು

ಬಹಳ ದಿನವಾಯ್ತು ಈ ಕಡೆ ತಲೆ ಹಾಕಿ. ಹಿಂದಿನ ಬರಹದ ಕೊನೆಗೆ "ಉಳಿದದ್ದು ಮುಂದಿನ ವಾರ" ಅಂತ ಬರೆದಿದ್ದೆ. ಆ ಮುಂದಿನ ವಾರ ಇನ್ನೂ ಬಂದಿಲ್ಲ, ಕ್ಷಮೆ ಇರಲಿ. ಇವತ್ತು ಬರೀತಿರೋದು ಬೇರೇನೇ. ಮನೆಯಲ್ಲಿ ಹಾಡು ಕೇಳೋಕೆ ಅಂತ ಒಂದು ಕಂಪ್ಯೂಟರ್ ಮಾಡಿಕೊಂಡ ಕಥೆ. ಪ್ರೊಸೆಸರು, ಫ್ಯಾನು, ಹೀಟ್‌ಸಿಂಕು ಅಂತೆಲ್ಲ ಬರುತ್ತೆ. ಹೆದರಬೇಡಿ, ನಡುನಡುವೆ ನಮ್ಮಪ್ಪನೂ ಬರ್ತಾರೆ.

2023ರ ದೀಪಾವಳಿ ಮುಗಿಸಿ ಅಪ್ಪ ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಬೆಂಗಳೂರಿಗೆ ಬಂದರು. ಬರುವಾಗ ಒಂದು ಚೀಲದಲ್ಲಿ ಅಡಿಕೆ, ಒಂದು ಡಬ್ಬಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಇನ್ನೊಂದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಎರಡು ಕ್ಯಾಸೆಟ್ಟು ತಂದಿದ್ದರು. ಅಟ್ಟ ಸ್ವಚ್ಛ ಮಾಡುವಾಗ ಸಿಕ್ಕಿದವಂತೆ. ಒಂದರ ಮೇಲೆ ಅತ್ತೆಯ ಮದುವೆ ಅಂತ ಬರೆದಿತ್ತು. ಇನ್ನೊಂದರ ಮೇಲೆ ಬರೀ ಅಮ್ಮನ ಹೆಸರು, ಕೆಳಗೆ 1988.

ಬೊಂಬಾಯಿಯಲ್ಲಿದ್ದ ಸೋದರಮಾವ ಆ ವರ್ಷ ಊರಿಗೆ ಬರುವಾಗ ಟೇಪ್ ರೆಕಾರ್ಡರ್ ತಂದಿದ್ದರು. ಒಂದು ಮಧ್ಯಾಹ್ನ ಅಮ್ಮನನ್ನ ಜಗುಲಿಯಲ್ಲಿ ಕೂರಿಸಿ, ಬೇಡಬೇಡ ಅಂದರೂ ಬಿಡದೆ, ಅವಳಿಗೆ ಬರುತ್ತಿದ್ದ ಆರತಿ ಹಾಡು, ಬೀಸುವ ಹಾಡು ಎಲ್ಲ ಹಾಡಿಸಿ ತುಂಬಿಸಿಕೊಂಡರು. ಅಮ್ಮ 2011ರಲ್ಲಿ ಹೋದಳು. ಅವಳ ಫೋಟೋ ಎಷ್ಟೋ ಇವೆ. ಧ್ವನಿ ಅಂತ ಇರೋದು ಈ ಎರಡು ಕ್ಯಾಸೆಟ್ಟಿನಲ್ಲಿ ಮಾತ್ರ.

ಮಲೆನಾಡಿನ ಮಳೆಗಾಲ ನಿಮಗೆ ಗೊತ್ತಲ್ಲ, ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿದರೆ ಟೇಪಿನ ಅಂಚಿಗೆ ಬಿಳಿ ಪುಡಿ. ಇಂಥ ಟೇಪನ್ನ ಸುಮ್ಮನೆ ಮತ್ತೆ ಮತ್ತೆ ಓಡಿಸಬಾರದು. ಪ್ರತಿ ಸಲವೂ ಒಂದಿಷ್ಟು ಲೇಪ ಉದುರುತ್ತೆ, ಇಲ್ಲವೇ ರೋಲರಿಗೆ ಸುತ್ತಿಕೊಳ್ಳುತ್ತೆ. ಒಂದೇ ಸಲ ಸರಿಯಾಗಿ ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು, ಆಮೇಲೆ ಎಷ್ಟು ಸಲ ಬೇಕಾದರೂ ಕೇಳಬಹುದು. ಹಾಗಂತ ಮೊದಲು ಮದುವೆ ಕ್ಯಾಸೆಟ್ಟಿನಿಂದ ಅಭ್ಯಾಸ ಶುರು ಮಾಡಿದೆ. ಗೆಳೆಯನೊಬ್ಬನ ಹಳೇ ಟೇಪ್ ಡೆಕ್ ಸಾಲ ತಂದೆ. ಹತ್ತಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿ ಅದರ ಹೆಡ್ಡು ಒರೆಸಿದೆ. ಕಂಪ್ಯೂಟರು ಮನೆಯಲ್ಲೇ ಇತ್ತು, ಆಫೀಸಿನಲ್ಲಿ ಬೇಡವೆಂದು ಮಾರಿದಾಗ ಕೊಂಡಿದ್ದ ಹಳೇ ಡೆಸ್ಕ್‌ಟಾಪು. ಸ್ಪೀಕರ್ ಪಕ್ಕ, ಹಾಲಿನಲ್ಲೇ ಇಟ್ಟೆ.

ಮದುವೆ ಹಾಡು ಚೆನ್ನಾಗಿಯೇ ಇಳಿಯಿತು. ಹತ್ತಾರು ಹೆಂಗಸರ ನಡುವೆ ಅಮ್ಮನ ದನಿ ನನಗೆ ಸ್ಪಷ್ಟವಾಗಿ ಕೇಳಿತು. ಖುಷಿಯಿಂದ ಅಪ್ಪನನ್ನ ಕರೆದು ಕೂರಿಸಿ ಹಚ್ಚಿದೆ. ಅವರು ಸ್ವಲ್ಪ ಹೊತ್ತು ಕೇಳಿದರು. ಕಿವಿಯ ಯಂತ್ರ ಸರಿ ಮಾಡಿಕೊಂಡರು. ಮತ್ತೆ ಕೇಳಿದರು. ಆಮೇಲೆ ಅಂದರು:

"ಎಂತದೋ ಮಾರಾಯ ಅದು ಶಬ್ದ? ನಿನ್ನಮ್ಮ ಗಿರಣಿ ಪಕ್ಕ ಕೂತು ಹಾಡ್ತಿದಾಳಾ?"

ನನಗೆ ಗಿರಣಿ ಎಲ್ಲೂ ಕೇಳಿಸಲಿಲ್ಲ. ಕ್ಯಾಸೆಟ್ಟಿನ ಹಿಸ್ ಇರಬೇಕು ಅಂದುಕೊಂಡೆ. ಹಾಡು ನಿಲ್ಲಿಸಿದೆ. "ಈಗ?" ಅಂದೆ. "ಈಗಲೂ ಇದೆ" ಅಂದರು. ಹಾಡು ನಿಂತ ಮೇಲೂ ಗಿರಣಿ ಇದೆ ಅಂದರೆ ಅದು ಕ್ಯಾಸೆಟ್ಟಿನಲ್ಲಿ ಇಲ್ಲ, ಕೋಣೆಯಲ್ಲಿದೆ. ಕಂಪ್ಯೂಟರ್ ಆರಿಸಿದೆ. "ಹಾಂ, ಈಗ ಗಿರಣಿ ನಿಂತಿತು" ಅಂದರು ಅಪ್ಪ.

ಆರು ವರ್ಷದಿಂದ ಅದರ ಪಕ್ಕ ಕೂತ ನನ್ನ ಕಿವಿ ಆ ಫ್ಯಾನನ್ನ ಕೇಳೋದೇ ಬಿಟ್ಟಿತ್ತು. ಅಪ್ಪನಿಗೆ ಹಾಗಲ್ಲ. ವಯಸ್ಸಾದ ಕಿವಿಯಲ್ಲಿ ಮೊದಲು ಹೋಗೋದು ಎತ್ತರದ ಸ್ವರಗಳು, ಅಂದರೆ ಹೆಂಗಸರ ದನಿಯ ಸ್ಪಷ್ಟತೆ, ಸ, ಶ, ತ ಎಲ್ಲ. ಕಿವಿಯ ಯಂತ್ರ ಸಣ್ಣ ಶಬ್ದಗಳನ್ನ ದೊಡ್ಡದು ಮಾಡುತ್ತೆ, ಆದರೆ ಅದರ ಜೊತೆ ಫ್ಯಾನಿನ ಭರ್ರ್ ಅನ್ನೋದನ್ನೂ ದೊಡ್ಡದು ಮಾಡುತ್ತೆ. ಮೇಲಿಂದ, ತಗ್ಗು ಸ್ವರದ ಶಬ್ದ ಎತ್ತರದ ಸ್ವರವನ್ನ ಸುಲಭವಾಗಿ ಮುಚ್ಚಿಬಿಡುತ್ತೆ. ಇದರ ಉಲ್ಟಾ ಅಷ್ಟು ಆಗೋದಿಲ್ಲ. ಹಾಗಾಗಿ ನನ್ನ ಕಂಪ್ಯೂಟರಿನ ಫ್ಯಾನು ಸರಿಯಾಗಿ ಅಮ್ಮನ ದನಿಯ ಮೇಲೇ ಕೂತಿತ್ತು. ಇನ್ನೊಂದು ಕ್ಯಾಸೆಟ್ಟು, ಬರೀ ಅಮ್ಮನದ್ದು, ಅದನ್ನ ಮುಟ್ಟೋಕೆ ಮುಂಚೆ ಈ ಗಿರಣಿ ನಿಲ್ಲಿಸಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಮೊದಲು ಇದ್ದದ್ದನ್ನೇ ಸರಿ ಮಾಡೋಣ ಅಂತ ಡಬ್ಬಿ ಬಿಚ್ಚಿದೆ. ಒಳಗೆ ಹೀಟ್‌ಸಿಂಕಿನ ಸಂದಿಯಲ್ಲಿ ಹಾಸಿಗೆಯ ಹತ್ತಿಯಷ್ಟು ದೂಳು. ಎಲ್ಲ ತೆಗೆದು, ಪ್ರೊಸೆಸರಿನ ಮೇಲೆ ಒಣಗಿ ಸುಣ್ಣವಾಗಿದ್ದ ಪೇಸ್ಟ್ ಕೆರೆದು, ಹೊಸದು ಹಚ್ಚಿದೆ. (ಬಟಾಣಿ ಕಾಳಿನಷ್ಟು ಸಾಕು. ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚಬೇಡಿ. ಅದು ಇರೋದು ಎರಡು ಲೋಹದ ನಡುವಿನ ಕೂದಲೆಳೆ ಸಂದಿ ತುಂಬೋಕೆ.) ಸದ್ದು ಸ್ವಲ್ಪ ತಗ್ಗಿತು. "ಈಗ ಗಿರಣಿ ಪಕ್ಕದ ಮನೆಗೆ ಹೋಯ್ತು" ಅಂದರು ಅಪ್ಪ. ಅಷ್ಟೇ.

ದೊಡ್ಡ ಫ್ಯಾನು ಹಾಕಬಹುದಿತ್ತು. ಇಲ್ಲಿ ಒಂದು ಸರಳ ಲೆಕ್ಕ ಇದೆ. ಸಣ್ಣ ಫ್ಯಾನು ವೇಗವಾಗಿ ತಿರುಗಿ ತಳ್ಳೋ ಗಾಳಿಯನ್ನ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೇ ತಳ್ಳುತ್ತೆ. ಒಂದೇ ಫ್ಯಾನಿನ ವೇಗ ಅರ್ಧ ಮಾಡಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತೆ. 10 ಡೆಸಿಬಲ್ ಇಳಿದರೇ ಕಿವಿಗೆ ಅರ್ಧ ಆದ ಹಾಗೆ ಅನಿಸುತ್ತೆ. ಆದರೆ ನನ್ನದು ಆಫೀಸಿನ ತೆಳು ಡಬ್ಬಿ. 120 ಮಿಲಿಮೀಟರ್ ಫ್ಯಾನಿನ ಗೋಪುರದಂಥ ಕೂಲರ್‌ಗಳು ಒಂದು ಗೇಣು ಎತ್ತರ ಇರ್ತವೆ, ಹಾಕಿದರೆ ಮುಚ್ಚಳ ಮುಚ್ಚೋದಿಲ್ಲ. ಹೊಸದೇ ಬೇಕು ಅಂತ ಆಯ್ತು.

ಒಂದು ಶನಿವಾರ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಎಸ್.ಪಿ. ರಸ್ತೆಗೆ ನಡೆದೆ. ಸಾದರ ಪತ್ರಪ್ಪ ರಸ್ತೆ ಅಂದರೆ ಆಟೋದವರಿಗೂ ಒಂದು ಕ್ಷಣ ಬೇಕು. ಎಸ್.ಪಿ. ರೋಡು ಅಂದರೆ ಕಂಪ್ಯೂಟರ್ ಬಿಚ್ಚಿದವರಿಗೆಲ್ಲ ಗೊತ್ತು. ಮೊದಲ ಅಂಗಡಿಯಲ್ಲಿ ಒಬ್ಬ ಹುಡುಗ.

"ಏನ್ ಬೇಕು ಸರ್? ಗೇಮಿಂಗಾ, ಎಡಿಟಿಂಗಾ?"

"ಹಾಡು ಕೇಳೋಕೆ."

ಅವನು ನನ್ನ ಮುಖ ನೋಡಿದ. "ಹಾಡು ಕೇಳೋಕೆ ಮೊಬೈಲ್ ಸಾಕಲ್ವಾ ಸರ್?"

ಮಾತು ಸರಿಯೇ ಇತ್ತು! ಸದ್ದು ಬರಬಾರದು ಅಂತ ವಿವರಿಸಿದೆ. ತಕ್ಷಣ ಗಾಜಿನ ಡಬ್ಬಿ ತೋರಿಸಿದ. ಒಳಗೆ ಏಳು ಬಣ್ಣದ ದೀಪ, ದಪ್ಪ ದಪ್ಪ ಪೈಪು. "ಲಿಕ್ವಿಡ್ ಕೂಲಿಂಗ್ ಸರ್, ಫುಲ್ ಸೈಲೆಂಟ್." ನೀರು ಅಂದ ತಕ್ಷಣ ತಣ್ಣಗೆ, ನಿಶ್ಶಬ್ದ ಅಂತ ನಮಗೆ ಅನಿಸುತ್ತೆ. ನಿಜವಾಗಿ ನೀರು ಮಾಡೋದು ಬಿಸಿಯನ್ನ ಪ್ರೊಸೆಸರಿಂದ ರೇಡಿಯೇಟರಿಗೆ ಹೊತ್ತು ಸಾಗಿಸೋ ಕೆಲಸ. ಅಲ್ಲಿ ಅದನ್ನ ಗಾಳಿಗೆ ಬಿಡೋಕೆ ಮತ್ತೆ ಫ್ಯಾನೇ ಬೇಕು. ಜೊತೆಗೆ ನೀರು ತಳ್ಳೋಕೆ ಒಂದು ಪಂಪು. ಅಂದರೆ ಗಿರಣಿ ಜೊತೆಗೆ ಬೋರ್‌ವೆಲ್ ಮೋಟಾರು.

ಹಾಗಾದರೆ ಎಷ್ಟು ದೊಡ್ಡ ಪ್ರೊಸೆಸರ್ ಬೇಕು? ನಾನು ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದ್ದೆ. ಸಿ.ಡಿ.ಯಲ್ಲಿರೋ ಹಾಡು ಅಂದರೆ ಸೆಕೆಂಡಿಗೆ 44,100 ಸಲ ತೆಗೆದ 16 ಬಿಟ್ ಮಾದರಿ, ಎರಡು ಚಾನೆಲ್. ನಾನು ಕ್ಯಾಸೆಟ್ಟಿಗೆ ಇಟ್ಟುಕೊಂಡದ್ದು 48,000 ಸಲ, 24 ಬಿಟ್. ಗುಣಿಸಿದರೆ ಸೆಕೆಂಡಿಗೆ 288 ಕಿಲೋಬೈಟ್. ಅರವತ್ತು ನಿಮಿಷದ ಇಡೀ ಕ್ಯಾಸೆಟ್ಟು ಸುಮಾರು 1 ಜಿ.ಬಿ. ಈಗಿನ ಯಾವ ಪ್ರೊಸೆಸರಿಗೂ ಇದು ಆನೆಯ ಬೆನ್ನ ಮೇಲೆ ನೊಣ ಕೂತ ಹಾಗೆ. ಹಾಡಿಗೆ ಬೇಕಾದ್ದು ಬಲ ಅಲ್ಲ, ತಣ್ಣಗಿರೋ ಗುಣ.

ಪ್ರೊಸೆಸರ್ ಕುಡಿದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. ಬೇರೆ ದಾರಿಯಿಲ್ಲ. 2004ರಲ್ಲಿ ಬಂದ ಪ್ರೆಸ್ಕಾಟ್ ತಳಿಯ ಪೆಂಟಿಯಂ 4ಗಳಲ್ಲಿ ಕೆಲವಕ್ಕೆ 115 ವ್ಯಾಟಿನ ಲೆಕ್ಕ ಇತ್ತು, ಎರಡು ಹಳೇ ಬಲ್ಬು ಉರಿಸಿದಷ್ಟು ಬಿಸಿ. ಈಗಿನ ಸಾಧಾರಣ ಡೆಸ್ಕ್‌ಟಾಪ್ ಚಿಪ್ ಮೇಲೆ 65 ವ್ಯಾಟ್ ಅಂತ ಬರೆದಿರುತ್ತೆ, ಜೋರು ಕೆಲಸ ಬಂದರೆ ಅದಕ್ಕಿಂತ ಹೆಚ್ಚು ಎಳೆಯುವವೂ ಇವೆ. 2023ರ ಆರಂಭದಲ್ಲಿ ಇಂಟೆಲ್‌ನ ಎನ್100 ಅನ್ನೋ ಚಿಪ್ ಬಂತು. ನಾಲ್ಕು ಕೋರ್, ಲೆಕ್ಕ ಬರೀ 6 ವ್ಯಾಟ್. ದೇವರ ಕೋಣೆಯ ಹಳೇ ಜೀರೋ ಬಲ್ಬೇ ಅದಕ್ಕಿಂತ ಹೆಚ್ಚು ಕುಡೀತಿತ್ತು. ಇಷ್ಟು ಕಡಿಮೆ ಬಿಸಿಗೆ ಫ್ಯಾನೇ ಬೇಡ. ಪೆಟ್ಟಿಗೆಯ ಹೊರಮೈಯೇ ಅಲ್ಯೂಮಿನಿಯಂ ರೆಕ್ಕೆಗಳ ಹೀಟ್‌ಸಿಂಕು, ಬಿಸಿ ಅದರ ಮೂಲಕ ತಾನಾಗಿ ಗಾಳಿಗೆ ಹೋಗುತ್ತೆ.

ನಾಲ್ಕನೇ ಅಂಗಡಿಯಲ್ಲಿ ವಯಸ್ಸಾದ ಯಜಮಾನರೊಬ್ಬರು ಕೂತಿದ್ದರು. "ಫ್ಯಾನ್ ಇಲ್ಲದ ಎನ್100 ಪೆಟ್ಟಿಗೆ ಇದೆಯಾ?" ಅಂದೆ. ಒಳಗಿಂದ ಒಂದು ತರಿಸಿದರು. ಪಂಚಾಂಗದ ಎರಡು ಪುಸ್ತಕ ಒಂದರ ಮೇಲೊಂದು ಇಟ್ಟಷ್ಟು. ಕೈಯಲ್ಲಿ ಹಿಡಿದರೆ ಭಾರ. ರ‍್ಯಾಮು, ಎಸ್.ಎಸ್.ಡಿ. ಎಲ್ಲ ಸೇರಿ ಹದಿನೇಳು ಸಾವಿರಕ್ಕೆ ಕೊಟ್ಟರು. ತಿರುಗೋ ಹಾರ್ಡ್ ಡಿಸ್ಕೂ ಇಲ್ಲ, ಹಾಗಾಗಿ ಒಳಗೆ ಅಲ್ಲಾಡೋ ವಸ್ತುವೇ ಇಲ್ಲ. ಬಿಲ್ ಬರೀತಾ ಅಂದರು, "ಫ್ಯಾನ್ ಇಲ್ಲ ಅಂದ್ರೆ ಗಾಳಿ ಬೇಡ ಅಂತಲ್ಲ ಸಾರ್. ತೆರೆದ ಜಾಗದಲ್ಲಿಡಿ. ಸುತ್ತ ನಾಲ್ಕು ಬೆರಳು ಬಿಡಿ."

ನಾನು ಹೂಂ ಅಂದೆ. ಮನೆಗೆ ಬಂದು ಏನು ಮಾಡಿದೆ ಗೊತ್ತಾ? ಟಿ.ವಿ. ಶೋಕೇಸಿನ ಗಾಜಿನ ಬಾಗಿಲ ಒಳಗೆ, ಆಂಪ್ಲಿಫೈಯರ್ ಮೇಲೆ ಇಟ್ಟೆ. ಯಾಕೆ ಅಂದರೆ ಅಲ್ಲಿ ಚೆಂದ ಕಾಣ್ತಿತ್ತು.

ಜನವರಿ, ಫೆಬ್ರವರಿಯಲ್ಲಿ ಏನೂ ತೊಂದರೆ ಇಲ್ಲ. ಮದುವೆ ಹಾಡು ಮತ್ತೆ ಕೇಳಿಸಿದೆ. ಅಪ್ಪ ಕೊನೆಯವರೆಗೂ ಕೇಳಿದರು. "ಗಿರಣಿ ಮುಚ್ಚಿದರಾ?" ಅಂದರು. ಅಮ್ಮನ ಕ್ಯಾಸೆಟ್ಟಿಗೆ ಕೈ ಹಾಕಲು ಧೈರ್ಯ ಮಾತ್ರ ಬರಲಿಲ್ಲ. ಇವತ್ತು ನಾಳೆ ಅಂತ ಏಪ್ರಿಲ್ ಬಂತು. 2024ರ ಏಪ್ರಿಲ್ ಬೆಂಗಳೂರಿನವರು ಮರೆಯೋಲ್ಲ. ನೀರಿಲ್ಲ, ಮಳೆಯಿಲ್ಲ, ತಿಂಗಳ ಕೊನೆಗೆ ಪಾರಾ 38 ಡಿಗ್ರಿ ದಾಟಿತು. ಅಂಥ ಒಂದು ಭಾನುವಾರ ಅಪ್ಪ, "ನಾನು ಮಳೆ ಹಿಡಿಯೋಕೆ ಮುಂಚೆ ಊರಿಗೆ ಹೋಗ್ತೀನಿ. ಅದೊಂದು ಕೇಳಿಸ್ತೀಯಾ?" ಅಂದರು.

ಹಚ್ಚಿದೆ. ಮೊದಲ ಬದಿ ಸಲೀಸಾಗಿ ಇಳಿಯಿತು. ಎರಡನೇ ಬದಿ ಹಾಕಿದಾಗ ನನ್ನ ಇಂಜಿನಿಯರ್ ಬುದ್ಧಿ ಸುಮ್ಮನಿರಬೇಕಲ್ಲ! ಒಂದು ಕಡೆ ಅದು ರೆಕಾರ್ಡ್ ಆಗುತ್ತಾ ಇರಲಿ, ಇನ್ನೊಂದು ಕಡೆ ಮೊದಲ ಬದಿಯ ಹಿಸ್ ತೆಗೆಯೋ ಕೆಲಸ ನಡೀಲಿ ಅಂತ ಎರಡನ್ನೂ ಒಟ್ಟಿಗೆ ಓಡಿಸಿದೆ. ಹಿಸ್ ತೆಗೆಯೋದು ನೊಣದ ಕೆಲಸ ಅಲ್ಲ, ನಾಲ್ಕೂ ಕೋರ್ ಬೆವರುತ್ತವೆ. 6 ವ್ಯಾಟ್ ಅನ್ನೋದು ಡಬ್ಬಿಯ ಮೇಲಿನ ಲೆಕ್ಕ. ಚುರುಕಾಗಿರಲಿ ಅಂತ ಅದಕ್ಕಿಂತ ಹೆಚ್ಚು ಎಳೆಯೋಕೆ ಪೆಟ್ಟಿಗೆ ಮಾಡಿದವರು ಬಿಟ್ಟಿರುತ್ತಾರೆ. ಕೆಳಗಿಂದ ಆಂಪ್ಲಿಫೈಯರಿನ ಬಿಸಿ, ಮುಂದೆ ಮುಚ್ಚಿದ ಗಾಜು. ಕೋಣೆಯ ಬಿಸಿ ಹತ್ತು ಡಿಗ್ರಿ ಏರಿದರೆ ಫ್ಯಾನಿಲ್ಲದ ಚಿಪ್ಪಿನ ಬಿಸಿಯೂ ಹತ್ತಿರ ಹತ್ತಿರ ಅಷ್ಟೇ ಏರುತ್ತೆ, ಇದನ್ನ ಯಾವ ಹೀಟ್‌ಸಿಂಕೂ ತಪ್ಪಿಸೋದಿಲ್ಲ. ಇಪ್ಪತ್ತು ನಿಮಿಷದಲ್ಲಿ ಪೆಟ್ಟಿಗೆ ದೋಸೆ ಕಾವಲಿ. ಪ್ರೊಸೆಸರ್ ಸುಡಬಾರದು ಅಂತ ತಾನೇ ವೇಗ ಇಳಿಸಿಕೊಂಡಿತು. ಬರುತ್ತಿದ್ದ ಧ್ವನಿಯನ್ನ ಸಮಯಕ್ಕೆ ಸರಿಯಾಗಿ ಎತ್ತಿಡೋಕೆ ಆಗದೆ ಅಲ್ಲಲ್ಲಿ ಚೂರು ಬಿಟ್ಟಿತು. ಅಮ್ಮನ ಹಾಡಿನ ನಡುವೆ ಟಕ್, ಟಕ್.

ಆ ಬದಿಯನ್ನ ಮತ್ತೊಂದು ಸಲ ಓಡಿಸದೆ ಗತಿಯಿರಲಿಲ್ಲ. ಪೆಟ್ಟಿಗೆ ತಣ್ಣಗಾಗೋಕೆ ಬಿಟ್ಟು, ಸಂಜೆ ಬರೀ ರೆಕಾರ್ಡಿಂಗ್ ಒಂದನ್ನೇ ಇಟ್ಟುಕೊಂಡು ಮತ್ತೆ ಹಾಕಿದೆ. ಹದಿನೈದು ನಿಮಿಷ ಆಗಿತ್ತೇನೋ, ದನಿ ತೊದಲಿತು. ಡೆಕ್ಕಿನಲ್ಲಿ ಟೇಪು ಸುತ್ತಿಕೊಂಡಿತ್ತು.

ನನ್ನ ಕೈ ಓಡಲಿಲ್ಲ. ಅಪ್ಪ ಎದ್ದು ಬಂದರು. ಕನ್ನಡಕ ಏರಿಸಿ, ಡೆಕ್ಕಿನ ಮುಂದೆ ನೆಲದ ಮೇಲೆ ಕೂತು, ಎಳೆ ಎಳೆಯಾಗಿ ಬಿಡಿಸಿದರು. ಜನಿವಾರದ ಗಂಟು ಬಿಡಿಸೋ ಅಷ್ಟು ನಿಧಾನ. ಪೆನ್ಸಿಲ್ ತರಿಸಿ ಹಲ್ಲಿಗೆ ಸಿಕ್ಕಿಸಿ ಸುತ್ತಿದರು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಟೇಪು ಹರಿದಿರಲಿಲ್ಲ, ಆದರೆ ಒಂದು ಗೇಣು ಉದ್ದ ಮಡಿಕೆ ಬಿದ್ದಿತ್ತು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ ಓಡುತ್ತೆ. ಒಂದು ಗೇಣು ಅಂದರೆ ನಾಲ್ಕೈದು ಸೆಕೆಂಡು. ಅಷ್ಟು ಹೊತ್ತು ಅಮ್ಮನ ದನಿ ನೀರಿನೊಳಗಿಂದ ಬಂದ ಹಾಗೆ ಬರುತ್ತಿತ್ತು. ರಾತ್ರಿ ಊಟ ಸೇರಲಿಲ್ಲ. ಮಲಗಿದ ಮೇಲೆ ಹೊಳೆಯಿತು, ಮಧ್ಯಾಹ್ನದ ಟಕ್ ಟಕ್ ರೆಕಾರ್ಡಿಂಗಿನಲ್ಲಿ ಆ ಜಾಗ ಹೇಗಿದೆ? ಎದ್ದು ನೋಡಿದರೆ, ಪುಣ್ಯಕ್ಕೆ ಆ ಐದು ಸೆಕೆಂಡಿನಲ್ಲಿ ಒಂದೂ ಟಕ್ ಇರಲಿಲ್ಲ. ಆ ತುಂಡು ತೆಗೆದು ಇಲ್ಲಿಗೆ ಹೊಲಿದೆ. ನಾನೇ ಕೆಡಿಸಿದ ರೆಕಾರ್ಡಿಂಗು ನನ್ನ ಮಾನ ಉಳಿಸಿತು.

ಮರುದಿನ ನಾನು ದೊಡ್ಡ ಯೋಜನೆ ಹಾಕಿದೆ. 65 ವ್ಯಾಟಿನ ಚಿಪ್ಪು, ಅದಕ್ಕೆ ದೊಡ್ಡ ತಾಮ್ರದ ಕೊಳವೆಯ ಕೂಲರು. (ಆ ಕೊಳವೆಯೊಳಗೆ ಚೂರು ನೀರು ಇರುತ್ತೆ. ಬಿಸಿ ಕಡೆ ಆವಿಯಾಗಿ, ತಣ್ಣನೆ ತುದಿಯಲ್ಲಿ ಇಡ್ಲಿ ಪಾತ್ರೆ ಮುಚ್ಚಳದ ಹಾಗೆ ಹನಿಯಾಗಿ, ಒಳಗಿನ ಬತ್ತಿಯಂಥ ಪದರದಲ್ಲಿ ಹಿಂದಕ್ಕೆ ಬರುತ್ತೆ. ಪಂಪಿಲ್ಲ, ಸದ್ದಿಲ್ಲ.) ಮೇಲೆ ನಿಧಾನ ತಿರುಗೋ 120 ಮಿಲಿಮೀಟರ್ ಫ್ಯಾನು, ಹೊಸ ಕ್ಯಾಬಿನೆಟ್ಟು. ಮತ್ತೆ ಮೂವತ್ತು ನಲವತ್ತು ಸಾವಿರ. ಅಪ್ಪನಿಗೆ ವಿವರಿಸಿದೆ. ಅವರು ಕವಳ ಹಾಕ್ತಾ ಕೇಳಿ, ಅಂದರು:

"ಆ ಹಳೇ ಗಿರಣಿ ಇದೆಯಲ್ಲ, ಅದನ್ನ ಹಿತ್ತಲ ಕೋಣೇಲಿ ಇಡು. ಭಾರದ ಕೆಲಸ ಅದು ಮಾಡ್ಲಿ. ಭತ್ತ ಕುಟ್ಟೋದನ್ನ ಯಾರಾದ್ರೂ ಜಗುಲಿ ಮೇಲೆ ಮಾಡ್ತಾರಾ?"

ಹೆಂಡತಿ ಅಡಿಗೆ ಮನೆಯಿಂದಲೇ, "ಮಾವ ಹೇಳಿದ್ದೇ ಸರಿ" ಅಂತ ತೀರ್ಪು ಕೊಟ್ಟಳು. ಅವಳಿಗೆ ದುಡ್ಡಿನ ಚಿಂತೆ. ಆದರೆ ಮಾತು ಸರಿಯಾಗಿಯೇ ಇತ್ತು.

ಈಗ ನಮ್ಮಲ್ಲಿರೋ ವ್ಯವಸ್ಥೆ ಇದು: ಹಾಲಿನಲ್ಲಿ ಫ್ಯಾನಿಲ್ಲದ ಪೆಟ್ಟಿಗೆ, ಶೋಕೇಸಿನ ಹೊರಗೆ, ತೆರೆದ ಹಲಗೆಯ ಮೇಲೆ, ಸುತ್ತ ನಾಲ್ಕು ಬೆರಳು ಜಾಗ. ಅದರ ಬಯೋಸ್‌ನಲ್ಲಿ ವ್ಯಾಟಿನ ಮಿತಿಯನ್ನ ಇಳಿಸಿದ್ದೇನೆ. ಅದಕ್ಕೆ ಎರಡೇ ಕೆಲಸ, ರೆಕಾರ್ಡ್ ಮಾಡೋದು ಮತ್ತು ಹಾಡೋದು. ಹಿಸ್ ತೆಗೆಯೋದು, ಸೇರಿಸೋದು, ಕಾಪಿ ಇಡೋದು ಎಲ್ಲ ಒಳಕೋಣೆಯ ಹಳೇ ಡೆಸ್ಕ್‌ಟಾಪಿಗೆ. ಅದು ಎಷ್ಟು ಬೇಕಾದರೂ ಕಿರುಚಿಕೊಳ್ಳಲಿ, ನಡುವೆ ಬಾಗಿಲಿದೆ. ದೊಡ್ಡ ಚಿಪ್ಪು, ದೊಡ್ಡ ಕೂಲರು ತಪ್ಪಲ್ಲ. ಒಂದೇ ಕಂಪ್ಯೂಟರಿನಲ್ಲಿ ಎಲ್ಲ ಮಾಡಬೇಕು, ಅದೂ ಕೂರುವ ಕೋಣೆಯಲ್ಲೇ ಇರಬೇಕು ಅನ್ನುವವರಿಗೆ ಅದೇ ಸರಿ. ಆದರೆ ಕೊಳ್ಳೋಕೆ ಮುಂಚೆ ಯಾವ ಕೆಲಸ ಯಾವ ಕೋಣೆಯಲ್ಲಿ ಅಂತ ಕೇಳಿಕೊಳ್ಳಿ. ನಾನು ಕೇಳಿಕೊಂಡಿರಲಿಲ್ಲ.

ಅಪ್ಪ ಊರಿಗೆ ಹೋಗೋ ಹಿಂದಿನ ದಿನ ಸಂಜೆ, ಸೀಲಿಂಗ್ ಫ್ಯಾನೂ ಆರಿಸಿ, ಕಿಟಕಿ ಮುಚ್ಚಿ, ಬೆವರುತ್ತಾ ಕೂತು ಇಡೀ ಕ್ಯಾಸೆಟ್ಟು ಕೇಳಿದೆವು. ಹಿಸ್ಸನ್ನ ನಾನು ಪೂರ್ತಿ ತೆಗೆದಿಲ್ಲ. ತೆಗೆದರೆ ಅಮ್ಮನ ದನಿಯ ಅಂಚೂ ಹೋಗ್ತಿತ್ತು. ಎಲ್ಲೋ ಕರು ಕೂಗುತ್ತೆ. ಯಾರೋ ಕೊಡಪಾನ ಇಡ್ತಾರೆ. ಎರಡನೇ ಬದಿಯ ಕೊನೆಗೆ ಒಂದು ಹಾಡು ಮುಗಿಸಿ ಅಮ್ಮ "ಸಾಕಾ?" ಅಂತ ಕೇಳ್ತಾಳೆ. ದೂರದಿಂದ, ಬಹಳ ಸಣ್ಣಗೆ, ಒಂದು ಗಂಡು ದನಿ: "ಇನ್ನೊಂದು ಹೇಳು."

ಅಪ್ಪ ಕೈ ಎತ್ತಿದರು. ನಿಲ್ಲಿಸಿದೆ. ಹಿಂದೆ ಹೋಗಿ ಮತ್ತೆ ಹಾಕಿದೆ. ಮತ್ತೊಂದು ಸಲ ಹಾಕಿಸಿದರು.

"ಅವತ್ತು ನಾನು ತೋಟದಲ್ಲಿದ್ದೆ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ" ಅಂದರು. "ಇದ್ದೆ ನೋಡು. ಅಲ್ಲೇ ಇದ್ದೆ."

ಆಮೇಲೆ ಅಮ್ಮ ಇನ್ನೊಂದು ಹಾಡು ಹೇಳಿದಳು. ಪೂರ್ತಿ ಕೇಳಿದೆವು.

ನಿಮ್ಮ ಮನೆ ಅಟ್ಟದ ಮೇಲೂ ಇಂಥ ತಗಡಿನ ಡಬ್ಬಿ ಇದ್ದರೆ ಮಳೆಗಾಲಕ್ಕೆ ಮುಂಚೆ ಇಳಿಸಿ. ಡೆಕ್ಕಿನ ಹೆಡ್ಡು ಒರೆಸಿ. ರೆಕಾರ್ಡ್ ಆಗುವಾಗ ಬೇರೆ ಯಾವ ಕೆಲಸವನ್ನೂ ಕೊಡಬೇಡಿ. ಪೆಟ್ಟಿಗೆ ಯಾವುದು ಕೊಳ್ಳೋದು ಅಂತ ಅನುಮಾನ ಇದ್ದರೆ ಮನೆಯಲ್ಲಿ ಕಿವಿಯ ಯಂತ್ರ ಹಾಕಿದ ಹಿರಿಯರಿದ್ದರೆ ಅವರನ್ನ ಪಕ್ಕ ಕೂರಿಸಿಕೊಂಡು ಆನ್ ಮಾಡಿ ನೋಡಿ. ಆ ಹಳೇ "ಉಳಿದದ್ದು ಮುಂದಿನ ವಾರ" ಇದೆಯಲ್ಲ, ಅದನ್ನೂ ಬರೀತೀನಿ. ಮುಂದಿನ ವಾರ :-)